ಜುಲ್ಫಿಯಾ: ವಿರಹದ ಪಟ್ಟದ ಹಿಂದೆ ಮರೆಯಾದ ಸಂಪಾದಕಿ

ಉಜ್ಬೇಕಿಸ್ತಾನದ ಯಾವ ಶಾಲಾ ಹುಡುಗಿಯನ್ನು ಕೇಳಿದರೂ ಕವಿ ಜುಲ್ಫಿಯಾ ಯಾರೆಂದು ಹೇಳುತ್ತಾಳೆ. ಇಪ್ಪತ್ತೊಂಬತ್ತನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು, ಮತ್ತೆ ಮದುವೆಯಾಗದವಳು, ಉಳಿದ ಐವತ್ತೆರಡು ವರ್ಷವೂ ಅವನನ್ನು ನೆನೆದು ಬರೆದವಳು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಕತೆಯನ್ನು ಇಷ್ಟಕ್ಕೇ ನಿಲ್ಲಿಸಿದರೆ 1953ರಿಂದ ಸುಮಾರು ಮೂರು ದಶಕ ಹೆಂಗಸರ ಮಾಸಪತ್ರಿಕೆಯೊಂದರ ಮುಖ್ಯ ಸಂಪಾದಕಿಯ ಕುರ್ಚಿಯಲ್ಲಿ ಕೂತಿದ್ದ ಹೆಂಗಸು ಪೂರ್ತಿ ಮಾಯವಾಗುತ್ತಾಳೆ. ವಿರಹವನ್ನು ಪಠ್ಯಪುಸ್ತಕಕ್ಕೆ ಹಾಕುವುದು ಸುಲಭ. ತಿಂಗಳು ತಿಂಗಳೂ ಪ್ರೂಫ್ ನೋಡುವ ಕೆಲಸದ ಬಗ್ಗೆ ಯಾರು ಪಾಠ ಬರೆಯುತ್ತಾರೆ?

ಜುಲ್ಫಿಯಾ ಇಸ್ರೋಯಿಲೋವಾ ಹುಟ್ಟಿದ್ದು 1915ರ ಮಾರ್ಚ್‌ನಲ್ಲಿ, ತಾಷ್ಕೆಂಟಿನ ಹಳೇ ಊರಿನ ದೆಗ್ರೆಜ್ ಮಹಲ್ಲಾದಲ್ಲಿ. ಅದು ಎರಕ ಹೊಯ್ಯುವವರ ಕೇರಿ; ತಂದೆಯದೂ ಲೋಹದ ಕೆಲಸ. ತಾಯಿ ಹಾಡು, ಕತೆ ಬಲ್ಲವರು. ಹುಡುಗಿಗೆ ಹನ್ನೆರಡು ತುಂಬಿದ ಹೊತ್ತಿಗೆ, 1927ರ ಮಾರ್ಚ್ 8ರಂದು, ಸೋವಿಯತ್ ಸರ್ಕಾರ 'ಹುಜುಮ್' ಎಂಬ ಚಳವಳಿ ಶುರು ಮಾಡಿತು. ಮೈಪೂರ್ತಿ ಮುಚ್ಚುವ ಪರಂಜಿ, ಮುಖ ಮುಚ್ಚುವ ಕುದುರೆಕೂದಲಿನ ಪರದೆ ಎರಡನ್ನೂ ಬೀದಿಯಲ್ಲಿ ಸುಡುವ ಚಳವಳಿ ಅದು. ಪರದೆ ತೆಗೆದ ಹೆಂಗಸರ ಮೇಲೆ ಸೇಡು ತೀರಿಸಿಕೊಂಡವರೂ ಇದ್ದರು. ಮುಂದಿನ ಎರಡು ಮೂರು ವರ್ಷಗಳಲ್ಲಿ ಕೊಲೆಯಾದವರು ಎರಡು ಸಾವಿರದಷ್ಟು ಎನ್ನುವುದು ಇತಿಹಾಸಕಾರರ ಅಂದಾಜು. ರಂಗನಟಿ ನೂರ್ಖೋನ್ ಯೋಲ್ದಾಶೆವಾ 1929ರಲ್ಲಿ ಸ್ವಂತ ಮನೆಯವರ ಕೈಯಲ್ಲೇ ಸತ್ತಳು. ಹೆಣ್ಣೊಬ್ಬಳು ತನ್ನ ಹೆಸರು ಹಾಕಿ ಪದ್ಯ ಅಚ್ಚು ಮಾಡಿಸುವುದು ಆ ಹೊತ್ತಿನಲ್ಲಿ ಬರೀ ಸಾಹಿತ್ಯದ ವಿಷಯವಾಗಿರಲಿಲ್ಲ.

ಮೊದಲ ಸಂಕಲನ 'ಹಯೋತ್ ವರಕ್ಲರಿ' (ಬದುಕಿನ ಹಾಳೆಗಳು) 1932ರಲ್ಲಿ ಬಂತು. ಆಗ ಅವರಿಗೆ ಹದಿನೇಳು, ಇನ್ನೂ ಹೆಣ್ಣುಮಕ್ಕಳ ಶಿಕ್ಷಕ ತರಬೇತಿ ಸಂಸ್ಥೆಯ ವಿದ್ಯಾರ್ಥಿನಿ. ಪುಸ್ತಕದಲ್ಲಿ ಕಾರ್ಖಾನೆ, ಶಾಲೆ, ಹೊಸ ಬದುಕು, ಅಂದರೆ ಆ ಕಾಲದ ಎಲ್ಲರ ಪದ್ಯವೂ ಇದ್ದ ಹಾಗೇ. ಅದರಲ್ಲಿ ದೊಡ್ಡ ಕವಿ ಕಾಣುತ್ತಾರೆ ಎಂದು ಹೇಳುವುದು ಮುಖಸ್ತುತಿಯಾದೀತು. ಗಮನಿಸಬೇಕಾದದ್ದು ಅದು ಅಚ್ಚಾದ ಲಿಪಿ. ಉಜ್ಬೆಕ್ ಭಾಷೆ ಶತಮಾನಗಳ ಅರಬ್ಬೀ ಲಿಪಿ ಬಿಟ್ಟು 1920ರ ದಶಕದ ಕೊನೆಯಲ್ಲಿ ಲ್ಯಾಟಿನ್‌ಗೆ ಹೋಯಿತು. 1934ರಲ್ಲಿ ಆ ಲ್ಯಾಟಿನ್‌ನಲ್ಲೇ ಒಂಬತ್ತು ಸ್ವರಾಕ್ಷರಗಳನ್ನು ಆರಕ್ಕೆ ಇಳಿಸಿದರು. 1940ರಲ್ಲಿ ಲ್ಯಾಟಿನ್ನೇ ಹೋಗಿ ಸಿರಿಲಿಕ್ ಬಂತು. 1993ರಲ್ಲಿ ಮತ್ತೆ ಲ್ಯಾಟಿನ್, ಬೇರೆ ರೂಪದಲ್ಲಿ. ಜುಲ್ಫಿಯಾ ತೀರಿಕೊಂಡಿದ್ದು 1996ರ ಆಗಸ್ಟ್ 1ರಂದು. ಒಂದೇ ಆಯುಸ್ಸಿನಲ್ಲಿ ಒಂದೇ ಭಾಷೆಗೆ ಇಷ್ಟು ಸಲ ಅಕ್ಷರ ಬದಲಾದರೆ ಓದುಗರಿಗೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ.

1935ರಲ್ಲಿ ಕವಿ ಹಮೀದ್ ಓಲಿಮ್ಜೋನ್ ಜೊತೆ ಮದುವೆ. ಜಿಜ್ಜಾಖಿನವರು, ಅವರಿಗಿಂತ ಐದಾರು ವರ್ಷ ದೊಡ್ಡವರು, ಆಗಲೇ ಹೆಸರಾದವರು. ಮೂರು ವರ್ಷದೊಳಗೆ ಉಜ್ಬೆಕ್ ಸಾಹಿತ್ಯದ ಹಿರಿಯ ತಲೆಮಾರು ನೆಲಕ್ಕುರುಳಿತು. ಕಾದಂಬರಿಕಾರ ಅಬ್ದುಲ್ಲಾ ಖಾದಿರಿ, ಕವಿ ಚೋಲ್ಪೋನ್, ವಿದ್ವಾಂಸ ಫಿತ್ರತ್ ಮೂವರನ್ನೂ 1938ರ ಅಕ್ಟೋಬರ್ 4ರಂದು ತಾಷ್ಕೆಂಟಿನಲ್ಲಿ ಗುಂಡಿಟ್ಟು ಕೊಂದರು. ಓರಗೆಯ ಕವಿ ಉಸ್ಮೋನ್ ನೋಸಿರ್ ಸೆರೆಶಿಬಿರಕ್ಕೆ ಹೋಗಿ 1944ರಲ್ಲಿ ಅಲ್ಲೇ ಸತ್ತರು. ಹೆಂಗಸರ ಪತ್ರಿಕೆಯನ್ನು ಅದರ ಮೊದಲ ಹೆಸರು 'ಯಂಗಿ ಯೋಲ್' (ಹೊಸ ದಾರಿ) ಇದ್ದಾಗ ನಡೆಸಿದವರಲ್ಲಿ ಒಬ್ಬರಾದ ಸೋಬಿರಾ ಖೋಲ್ದೋರೋವಾ ಕೂಡ 1937ರಲ್ಲಿ ಬಂಧನಕ್ಕೊಳಗಾದರು. ಜುಲ್ಫಿಯಾ ಮುಂದೆ ಹಿಡಿದ ಕುರ್ಚಿಯ ಪೂರ್ವಚರಿತ್ರೆ ಇದು. ಆ ಸಾಲಿನಲ್ಲಿ ಕೂರುವವರಿಗೆ ಯಾವ ಮಾತನ್ನು ಎಲ್ಲಿ ನಿಲ್ಲಿಸಬೇಕು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಓಲಿಮ್ಜೋನ್ 1939ರಿಂದ ಬರಹಗಾರರ ಸಂಘದ ಮುಖ್ಯಸ್ಥರು. ಯುದ್ಧ ಬಂದಾಗ ಮಾಸ್ಕೋ, ಲೆನಿನ್‌ಗ್ರಾಡ್‌ಗಳಿಂದ ತಾಷ್ಕೆಂಟಿಗೆ ಬಂದಿಳಿದ ಬರಹಗಾರರಿಗೆ ಸೂರು, ರೇಷನ್ ಹೊಂದಿಸುವ ಹೊಣೆ ಸಂಘದ ಮೇಲೆ ಬಿತ್ತು. ಹಾಗೆ ಬಂದವರಲ್ಲಿ ರಷ್ಯನ್ ಕವಿ ಅನ್ನಾ ಅಖ್ಮತೋವಾ ಒಬ್ಬರು. 1944ರ ಜುಲೈ 3ರಂದು ಕಾರು ಅಪಘಾತದಲ್ಲಿ ಓಲಿಮ್ಜೋನ್ ಸತ್ತರು. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು, ಹುಲ್ಕರ್ ಮತ್ತು ಓಮೋನ್.

ಪಠ್ಯಪುಸ್ತಕಗಳು ಇಲ್ಲಿ ಕಣ್ಣೀರು ಹಾಕುತ್ತವೆ. ನಾವು ಛಂದಸ್ಸು ನೋಡೋಣ, ಏಕೆಂದರೆ ಜುಲ್ಫಿಯಾ ಎಂಥ ಕಸುಬುದಾರೆ ಎಂಬುದು ಅಲ್ಲೇ ತಿಳಿಯುವುದು. ಓಲಿಮ್ಜೋನ್ ಬರೆದ ಹೆಸರಾಂತ ಪದ್ಯವೊಂದು ಕಿಟಕಿಯಾಚೆ ಜರದಾಳು ಹೂ ಬಿಡುವ ಹೊತ್ತಿನದು. ಅವರು ಹೋದ ಮೇಲೆ ಜುಲ್ಫಿಯಾ ಬರೆದ 'ಬಹೋರ್ ಕೆಲ್ದಿ ಸೆನಿ ಸೊರೋಕ್ಲಬ್' (ನಿನ್ನ ವಿಚಾರಿಸುತ್ತಾ ವಸಂತ ಬಂತು) ಅದಕ್ಕೆ ಕೊಟ್ಟ ಉತ್ತರ. ಶುರುವಾಗುವುದು ಹೀಗೆ:

ಸಲ್ಕಿನ್ ಸಹರ್ಲರ್ದಾ, ಬೋದೋಮ್ ಗುಲಿದಾ,
ಬಿನಫ್ಶಾ ಲಬಿದಾ, ಯೆರ್ಲರ್ದಾ ಬಹೋರ್.

ತಂಪು ಮುಂಜಾವುಗಳಲ್ಲಿ, ಬಾದಾಮಿ ಹೂವಿನಲ್ಲಿ, ವಯೊಲೆಟ್ ಹೂವಿನ ತುಟಿಯಲ್ಲಿ, ನೆಲನೆಲದಲ್ಲಿ ವಸಂತ. ಉಜ್ಬೆಕ್ ಪದ್ಯಕ್ಕೆ ಎರಡು ಅಳತೆಗೋಲುಗಳಿವೆ. ಒಂದು ಫಾರಸಿಯಿಂದ ಬಂದ ಅರೂಜ್. ನಮ್ಮ ಲಘು-ಗುರುಗಳಂತೆ ಉಚ್ಚಾರದ ಉದ್ದ ನೋಡಿ ಕಟ್ಟುವಂಥದು. ಇನ್ನೊಂದು ಜನಪದದ ಬರ್ಮೋಕ್. ಬೆರಳು ಮಡಿಸಿ ಉಚ್ಚಾರದ ತುಣುಕುಗಳನ್ನು ಎಣಿಸಿದರೆ ಸಾಕು, ಉದ್ದ-ಗಿಡ್ಡ ಲೆಕ್ಕಕ್ಕಿಲ್ಲ. ಈ ಪದ್ಯ ಬರ್ಮೋಕ್‌ನಲ್ಲಿದೆ. ಎಣಿಸಿ: ಸಲ್-ಕಿನ್-ಸ-ಹರ್-ಲರ್-ದಾ, ಆರು, ಬೋ-ದೋಮ್-ಗು-ಲಿ-ದಾ, ಐದು. ಹನ್ನೊಂದು, ಆರರ ನಂತರ ನಿಲುಗಡೆ. ಎರಡನೇ ಸಾಲೂ ಹಾಗೇ. ಇಲ್ಲಿವರೆಗೆ ಯಾವ ಹಳ್ಳಿಯ ಹಾಡುಗಾರನಾದರೂ ಮಾಡಿಯಾನು. ಈಗ ಎರಡನೇ ಸಾಲಿನ ತುದಿಯನ್ನು ನಾಲ್ಕನೆಯದರ ಪಕ್ಕ ಇಟ್ಟು ನೋಡಬೇಕು: 'ಯೆರ್ಲರ್ದಾ ಬಹೋರ್', 'ಕಿರ್ಲರ್ದಾ ಬಹೋರ್'. ನೆಲಗಳಲ್ಲಿ ವಸಂತ, ದಿಣ್ಣೆಗಳಲ್ಲಿ ವಸಂತ. ಕೊನೆಯ ಪದ ಹಾಗೇ ಮರಳುವುದು, ಅದರ ಹಿಂದಿನದು ಪ್ರಾಸ ಹಿಡಿಯುವುದು ಗಜಲಿನ ರದೀಫ್-ಕಾಫಿಯಾ ಕಟ್ಟು. ಜನಪದದ ಮೈಗೆ ಗಜಲಿನ ಕೀಲು ಕೂಡಿಸಿದ್ದಾರೆ, ಹೊಲಿಗೆ ಕಾಣದ ಹಾಗೆ.

ಕನ್ನಡದಂತೆ ಉಜ್ಬೆಕ್ ಕೂಡ ಪ್ರತ್ಯಯದ ಮೇಲೆ ಪ್ರತ್ಯಯ ಹಚ್ಚುವ ಭಾಷೆ. ಇಂಥ ಭಾಷೆಯಲ್ಲಿ ಪ್ರತ್ಯಯದ ಪ್ರಾಸ ಪುಕ್ಕಟೆ ಸಿಗುತ್ತದೆ; '-ಗಳಲ್ಲಿ'ಗೆ '-ಗಳಲ್ಲಿ' ಎಂದು ಎಷ್ಟು ಪುಟ ಬೇಕಾದರೂ ತುಂಬಬಹುದು, ಕಿವಿ ಮಾತ್ರ ಬೇಗ ದಣಿಯುತ್ತದೆ. ಜುಲ್ಫಿಯಾ ಪ್ರತ್ಯಯದ ಆಚೆಗೆ ಹೋಗಿ ಮೂಲಪದಗಳಾದ ಯೆರ್, ಕಿರ್ ಎರಡರಲ್ಲೂ ಅದೇ ರಕಾರದ ಕೊನೆಯನ್ನು ಹಿಡಿದಿದ್ದಾರೆ. ದುಃಖ ಎಷ್ಟೇ ದೊಡ್ಡದಿರಲಿ, ಈ ಹಿಡಿತ ಅದರಿಂದ ಬರುವಂಥದ್ದಲ್ಲ. ಪದ್ಯ ಮುಂದೆ ಹೋದಂತೆ ಗಾಳಿ ಬಂದು ಕವಿ ಎಲ್ಲಿ, ನೀನೇಕೆ ಕಪ್ಪು ಉಟ್ಟಿದ್ದೀಯೆ ಎಂದು ಕೇಳುತ್ತದೆ. ಹೇಳಲು ಬಾಯಿ ಬಾರದೆ ಅವಳು ಅದರ ಸೆರಗು ಹಿಡಿದು ಸಮಾಧಿಗೆ ಕರೆತರುತ್ತಾಳೆ. 'ಅಳು' ಎಂದು ಹೇಳದೆ ಅಳುವಿನ ಜಾಗಕ್ಕೆ ನಡೆಸಿಕೊಂಡು ಹೋಗುವ ಈ ಉಪಾಯದಿಂದಲೇ ಅದು ಎಪ್ಪತ್ತೆಂಬತ್ತು ವರ್ಷ ನಿಂತಿದೆ. ಅದೇ ಕಾಲದ 'ಹಿಜ್ರೋನ್ ಕುನ್ಲರಿದಾ' (ಅಗಲಿಕೆಯ ದಿನಗಳಲ್ಲಿ) ಎಂಬ ಸಂಕಲನದ ಎಲ್ಲ ಪದ್ಯಗಳೂ ಈ ಮಟ್ಟದವಲ್ಲ.

ಸಂಪಾದನೆ ಇವರಿಗೆ 1953ರಲ್ಲಿ ಹೊಸದಾಗಿ ಬಂದ ಕೆಲಸವಲ್ಲ. ಸಾಹಿತ್ಯ ಸಂಸ್ಥೆಯ ಸಂಶೋಧನೆ ಮುಗಿಸಿ 1938ರಲ್ಲೇ ಮಕ್ಕಳ ಪುಸ್ತಕ ಪ್ರಕಾಶನದಲ್ಲಿ ಸಂಪಾದಕಿಯಾದರು, ಯುದ್ಧಕಾಲದಲ್ಲಿ ಸರ್ಕಾರಿ ಪ್ರಕಾಶನದಲ್ಲಿ ವಿಭಾಗ ನೋಡಿಕೊಂಡರು, ಆಮೇಲೆ ಹೆಂಗಸರ ಪತ್ರಿಕೆಯ ವಿಭಾಗವೊಂದಕ್ಕೆ ಬಂದರು. 1953ರಲ್ಲಿ ಅದರ ಮುಖ್ಯ ಸಂಪಾದಕಿ. ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವ ಪಡೆದದ್ದೂ ಅದೇ ವರ್ಷ, ಕಾಕತಾಳೀಯವೇನಲ್ಲ. ಮುಖ್ಯ ಸಂಪಾದಕ ಹುದ್ದೆಗೆ ಪಕ್ಷದ ಸಮ್ಮತಿ ಬೇಕಿತ್ತು. ಪತ್ರಿಕೆಯ ಆಗಿನ ಹೆಸರು 'ಉಜ್ಬೇಕಿಸ್ತಾನದ ಮಹಿಳೆಯರು' ಎಂಬರ್ಥದ್ದು. ಮುಂದೆ ಅದು 'ಸಓದತ್' ಆಯಿತು, ಅಂದರೆ ಸೌಖ್ಯ.

ಸೋವಿಯತ್ ಪತ್ರಿಕೆ ಅಚ್ಚಾಗುವ ದಾರಿ ಉದ್ದ. ಹಸ್ತಪ್ರತಿ ವಿಭಾಗದ ಸಂಪಾದಕರ ಕೈ ದಾಟಿ ಅಚ್ಚುಮೊಳೆ ಜೋಡಿಸುವವರಿಗೆ ಹೋಗುತ್ತದೆ. ಮೊದಲು ಉದ್ದನೆಯ ಗ್ಯಾಲಿ ಪ್ರೂಫ್, ತಿದ್ದಿದ ಮೇಲೆ ಪುಟ ಕಟ್ಟಿದ ಪ್ರೂಫ್, ಆಮೇಲೆ ಗ್ಲಾವ್‌ಲಿತ್ ಎಂಬ ಸೆನ್ಸಾರ್ ಕಚೇರಿಯ ಒಪ್ಪಿಗೆ, ಕೊನೆಗೆ ಪರೀಕ್ಷೆಗೊಂದು ಮಾದರಿ ಪ್ರತಿ. ಆ ಕಾಲದ ಯಾವುದೇ ಉಜ್ಬೆಕ್ ಪುಸ್ತಕ ಅಥವಾ ಪತ್ರಿಕೆಯ ಕೊನೆಯ ಸಣ್ಣಕ್ಷರ ನೋಡಿ: 'ತೆರಿಶ್ಗಾ ಬೆರಿಲ್ದಿ' (ಜೋಡಣೆಗೆ ಕೊಟ್ಟಿದ್ದು) ಎಂದೊಂದು ದಿನಾಂಕ, 'ಬೋಸಿಶ್ಗಾ ರುಖ್ಸತ್ ಎತಿಲ್ದಿ' (ಅಚ್ಚಿಗೆ ಅನುಮತಿ) ಎಂದು ಇನ್ನೊಂದು, ಜೊತೆಗೆ ಕಾಗದದ ಅಳತೆ, ಪ್ರತಿಗಳ ಸಂಖ್ಯೆ, ಬೆಲೆ. ಪ್ರೂಫು, ತಿದ್ದುಪಡಿ, ಸೆನ್ಸಾರಿನ ಒಪ್ಪಿಗೆ ಎಲ್ಲವೂ ಆ ಎರಡು ದಿನಾಂಕಗಳ ನಡುವೆ ಆಗಬೇಕು. ಅಂತರ ವಿಪರೀತ ಉದ್ದವಿದ್ದರೆ ಎಲ್ಲೋ ಏನೋ ಸಿಕ್ಕಿಕೊಂಡಿತ್ತು ಎಂದು ಅನುಮಾನಿಸಬಹುದು. ಸಾಹಿತ್ಯ ಚರಿತ್ರೆ ಬರೆಯುವವರು ಮುನ್ನುಡಿಗಿಂತ ಮೊದಲು ಓದಬೇಕಾದ ಪುಟ ಅದು.

ಸಂಭಾವನೆಗೂ ಅಳತೆ ಇತ್ತು. ಒಂದು 'ಲೇಖಕ ಹಾಳೆ' ಎಂದರೆ ಗದ್ಯದಲ್ಲಿ ಪದಗಳ ನಡುವಿನ ಖಾಲಿ ಜಾಗವೂ ಸೇರಿ 40,000 ಅಕ್ಷರ, ಪದ್ಯದಲ್ಲಿ 700 ಸಾಲು. ಪದ್ಯಕ್ಕೆ ದುಡ್ಡು ಸಾಲಿನ ಲೆಕ್ಕದಲ್ಲಿ. ರಷ್ಯನ್ ಕವಿ ಮಾಯಕೋವ್‌ಸ್ಕಿ ಒಂದು ಸಾಲನ್ನು ಮೆಟ್ಟಿಲುಮೆಟ್ಟಿಲಾಗಿ ಮುರಿದು ಬರೆದದ್ದು ಇದಕ್ಕೇ ಎಂದು ಕುಹಕವಾಡಿದವರಿದ್ದಾರೆ. ಹೀಗೆ ಲೆಕ್ಕ ಹಾಕುವ ವ್ಯವಸ್ಥೆಯಲ್ಲಿ ಉದ್ದ ಪದ್ಯಕ್ಕೆ ಎಲ್ಲರಿಗೂ ಆಸೆ. ಅದನ್ನು ಮೊಟಕು ಮಾಡುವ ಸಂಪಾದಕಿ ಕವಿಯ ಸಾಲಿನ ಜೊತೆ ಜೇಬಿಗೂ ಕತ್ತರಿ ಹಾಕಿದ ಹಾಗೆ.

ಇನ್ನು ಅಕ್ಷರದ ಕಾಟ. ಸಿರಿಲಿಕ್‌ನಲ್ಲಿ ಉಜ್ಬೆಕ್ ಬರೆಯಲು ರಷ್ಯನ್‌ನಲ್ಲಿ ಇಲ್ಲದ ನಾಲ್ಕು ಅಕ್ಷರ ಹೆಚ್ಚಿಗೆ ಬೇಕು. ನಾಲ್ಕೂ ರಷ್ಯನ್ ಅಕ್ಷರಕ್ಕೆ ಒಂದು ಬಾಲವೋ ಅಡ್ಡಗೆರೆಯೋ ಟೊಪ್ಪಿಯೋ ಸೇರಿಸಿ ಮಾಡಿದಂಥವು. ಮೊಳೆ ಸವೆದರೆ, ಜೋಡಿಸುವವನ ಕಣ್ಣು ತಪ್ಪಿದರೆ, ಬಾಲ ಹೋಗಿ ಬರೀ ರಷ್ಯನ್ ಅಕ್ಷರ ಉಳಿಯುತ್ತದೆ. ಕೆರೆ, ಕೈ, ಬೂದಿ, ಗುಲಾಮ, ಈ ನಾಲ್ಕಕ್ಕೆ ಉಜ್ಬೆಕ್‌ನಲ್ಲಿ ಇರುವ ನಾಲ್ಕು ಮೂರಕ್ಷರದ ಪದಗಳು ಬೇರೆಯಾಗುವುದು ಈ ಬಾಲ-ಟೊಪ್ಪಿಗಳಿಂದ ಮಾತ್ರ. 'ನಿನ್ನ ಕೈ' ಎಂದು ಬರೆದದ್ದು 'ನಿನ್ನ ಗುಲಾಮ' ಎಂದು ಅಚ್ಚಾಗಬಹುದು. ವ್ಯಾಕರಣ ತಪ್ಪಲ್ಲದ್ದರಿಂದ ಪ್ರೂಫ್ ನೋಡುವವನಿಗೆ ಗೊತ್ತೂ ಆಗುವುದಿಲ್ಲ. ಪದ್ಯದ ಪ್ರೂಫನ್ನು ಮೂಲದ ಜೊತೆ ಜೋರಾಗಿ ಓದಿಸಿಯೇ ನೋಡಬೇಕಾದದ್ದು ಅದಕ್ಕೇ.

ಪತ್ರಿಕೆಯಲ್ಲಿ ಏನಿರುತ್ತಿತ್ತು? ಹತ್ತಿ ಬಿಡಿಸುವ ಸಾಧಕಿ, ವೈದ್ಯೆ, ಹಲವು ಮಕ್ಕಳ ತಾಯಿ, ಮಕ್ಕಳಾರೈಕೆ, ಕಸೂತಿ ಮಾದರಿ, ಪದ್ಯ, ಕತೆ. ಓದುಗರ ಪತ್ರ ನೋಡಿಕೊಳ್ಳುವುದು ಸೋವಿಯತ್ ಪತ್ರಿಕೆಗಳಲ್ಲಿ ದೊಡ್ಡ ಕೆಲಸ. ದೂರು ಬಂದರೆ ಅಚ್ಚು ಮಾಡದಿದ್ದರೂ ಸಂಬಂಧಪಟ್ಟ ಕಚೇರಿಗೆ ಕಳಿಸಿ ಉತ್ತರ ತರಿಸಬೇಕು. ಹಳ್ಳಿಯ ಹೆಂಗಸಿಗೆ ಪತ್ರಿಕೆ ಹೀಗೆ ಅರ್ಜಿ ಕೊಡುವ ಕಿಟಕಿಯೂ ಆಗಿತ್ತು. ಬಾರದೆ ಇದ್ದದ್ದೂ ಬಹಳ. ಹತ್ತಿ ಹೊಲದ ಮೇಲೆ ಸುರಿದ ಔಷಧ, ಶಾಲೆ ಬಿಡಿಸಿ ಮಕ್ಕಳನ್ನು ಹತ್ತಿಗೆ ಒಯ್ಯುವುದು, ಮನೆಯೊಳಗಿನ ಹಿಂಸೆಗೆ ಬೇಸತ್ತು ಮೈಗೆ ಬೆಂಕಿ ಹಚ್ಚಿಕೊಂಡ ಸೊಸೆಯರು, ಇವೆಲ್ಲ ಬಹಿರಂಗ ಚರ್ಚೆಗೆ ಬಂದದ್ದು 1980ರ ದಶಕದ ಕೊನೆಯಲ್ಲಿ. ಅಷ್ಟರಲ್ಲಿ ಜುಲ್ಫಿಯಾ ಕುರ್ಚಿ ಬಿಟ್ಟಿದ್ದರು. ಆ ಕಾಲದಲ್ಲಿ ಪತ್ರಿಕೆ ನಡೆಸಿದವರು ಮುಂದಿನ ತಲೆಮಾರಿನ ಕವಿ ಹಲೀಮಾ ಖುದೋಯ್ಬೆರ್ದಿಯೆವಾ. ಜುಲ್ಫಿಯಾ ಬಾಯಿ ಮುಚ್ಚಿಕೊಂಡಿದ್ದರು ಎಂದು ಇವತ್ತು ದೂರುವುದು ಸಲೀಸು. 'ಯಂಗಿ ಯೋಲ್' ಸಂಪಾದಕಿಗೆ ಏನಾಯಿತು ಎಂಬುದನ್ನು ಬದಿಗಿಟ್ಟು ದೂರಲಾಗದು. ಹಾಗೆಂದು ಅವರು ಪ್ರತಿರೋಧದ ಕವಿಯೂ ಅಲ್ಲ. ಸರ್ಕಾರ ಕೊಟ್ಟದ್ದನ್ನೆಲ್ಲ ತೆಗೆದುಕೊಂಡರು: 1965ರಲ್ಲಿ 'ಉಜ್ಬೇಕಿಸ್ತಾನದ ಜನಕವಿ', 1984ರಲ್ಲಿ 'ಸಮಾಜವಾದಿ ಶ್ರಮವೀರ'. ಕೊಟ್ಟ ಚೌಕಟ್ಟಿನೊಳಗೆ ಹೆಂಗಸರು ಬರೆಯಲು ಒಂದು ಪುಟವನ್ನು ಮೂವತ್ತು ವರ್ಷ ತೆರೆದಿಟ್ಟದ್ದೇ ಅವರ ದೊಡ್ಡ ಕೆಲಸ ಎನ್ನುವುದು ನಮ್ಮ ಅನಿಸಿಕೆ.

ಭಾರತದ ನಂಟು ಶುರುವಾಗುವುದು 1956ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಏಷ್ಯಾ ಬರಹಗಾರರ ಸಮ್ಮೇಳನದಿಂದ. ಆ ಪ್ರವಾಸದಿಂದ ಹುಟ್ಟಿದ 'ಮುಶೋಯಿರಾ' ಅವರ ಹೆಸರಾದ ರಚನೆಗಳಲ್ಲೊಂದು. ರಾತ್ರಿಯಿಡೀ ಕವಿಗಳು ಓದುವ, ಜನ 'ವಾಹ್' ಎನ್ನುವ ಮುಶಾಯಿರಾ ತಾಷ್ಕೆಂಟಿನವರಿಗೆ ಹೊಸದಲ್ಲ, ಹೆಸರೂ ಅದೇ. 1958ರ ಅಕ್ಟೋಬರ್‌ನಲ್ಲಿ ಆಫ್ರೋ-ಏಷ್ಯನ್ ಸಮ್ಮೇಳನ ತಾಷ್ಕೆಂಟಿನಲ್ಲೇ ನಡೆಯಿತು. ಟರ್ಕಿಯ ಕವಿ ನಾಜಿಮ್ ಹಿಕ್ಮತ್, ಉರ್ದು ಕವಿ ಫೈಜ್, ಮುಲ್ಕ್ ರಾಜ್ ಆನಂದ್ ಬಂದಿದ್ದರು. ಮುಂದೆ ಜುಲ್ಫಿಯಾಗೆ ನೆಹರೂ ಪ್ರಶಸ್ತಿ, ಆಫ್ರೋ-ಏಷ್ಯನ್ ಬರಹಗಾರರ 'ಲೋಟಸ್' ಎರಡೂ ಬಂದವು. ಹಿಂದಿಯ ಹರಿವಂಶರಾಯ್ ಬಚ್ಚನ್ ಅವರಿಗೂ ಇವೆರಡೂ ಸಂದಿವೆ. ತಾಷ್ಕೆಂಟಿಗೆ ಹೋದ ಪಂಜಾಬಿ ಲೇಖಕಿ ಅಮೃತಾ ಪ್ರೀತಮ್ ಜುಲ್ಫಿಯಾರ ಗೆಳತಿಯಾದರು. ಅಮೃತಾ ಕೂಡ 'ನಾಗಮಣಿ' ಪತ್ರಿಕೆಯನ್ನು ಮೂರು ದಶಕ ದಾಟಿ ನಡೆಸಿದ ಸಂಪಾದಕಿ ಎಂಬುದನ್ನು ನಾವೂ ಅಷ್ಟೇ ಸಲೀಸಾಗಿ ಮರೆತು, ಕವಿ ಸಾಹಿರ್ ಜೊತೆಗಿನ ಪ್ರೇಮಕತೆಯನ್ನೇ ಹೇಳುತ್ತಿರುತ್ತೇವೆ.

ಅಮೃತಾ ಜುಲ್ಫಿಯಾರನ್ನು ಓದಿದ್ದು ಉಜ್ಬೆಕ್‌ನಲ್ಲಂತೂ ಅಲ್ಲ. ಸೋವಿಯತ್ ಭಾಷೆಗಳ ಕವಿಗಳು ಹೊರಗೆ ಹೋದದ್ದು ರಷ್ಯನ್ ಮೂಲಕ. ಆ ಭಾಷೆ ಬಲ್ಲವರೊಬ್ಬರು ಸಾಲಿಗೆ ಸಾಲು ಗದ್ಯಾರ್ಥ ಬರೆದುಕೊಡುತ್ತಾರೆ, ಇದಕ್ಕೆ 'ಪದ್‌ಸ್ತ್ರೋಚ್ನಿಕ್' ಎನ್ನುತ್ತಾರೆ. ಅದನ್ನು ಇಟ್ಟುಕೊಂಡು ರಷ್ಯನ್ ಕವಿ ಪದ್ಯ ಕಟ್ಟುತ್ತಾನೆ. ಜುಲ್ಫಿಯಾರಿಗೆ ಸ್ವೆತ್ಲಾನಾ ಸೋಮೋವಾ, ಯೂಲಿಯಾ ನೇಮನ್ ಅಂಥ ಒಳ್ಳೆಯ ಅನುವಾದಕಿಯರು ಸಿಕ್ಕರು. ಆದರೂ ಗದ್ಯಾರ್ಥದಲ್ಲಿ ಅರ್ಥ ಬಂದೀತೇ ಹೊರತು ಆರು-ಐದರ ನಿಲುಗಡೆಯೂ ರದೀಫೂ ಬರುವುದಿಲ್ಲ. ರಷ್ಯನ್‌ನಲ್ಲಿ ನಾಮಪದಕ್ಕೆ ಮೊದಲೇ ವಿಭಕ್ತಿಯ ಪದ ಬೇರೆಯಾಗಿ ಕೂರುವುದರಿಂದ '-ಗಳಲ್ಲಿ ವಸಂತ' ಎಂಬ ಬಡಿತವೇ ಒಡೆಯುತ್ತದೆ. ಅಲ್ಲಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಇನ್ನೊಂದಕ್ಕೆ ಬರುವ ಹೊತ್ತಿಗೆ ಉಳಿಯುವುದು ಹೂ, ಗಾಳಿ ಮತ್ತು ವಿಧವೆ. ಕನ್ನಡಕ್ಕೆ ತರುವವರು ಈ ಸುತ್ತುದಾರಿ ಬಿಟ್ಟು ಉಜ್ಬೆಕ್ ಸಾಲನ್ನೇ ಮುಂದಿಟ್ಟುಕೊಂಡರೆ ಲಾಭವಿದೆ: ನಮ್ಮಲ್ಲೂ 'ಅಲ್ಲಿ' ಪದದ ತುದಿಗೇ ಬರುತ್ತದೆ, ಕ್ರಿಯಾಪದವಿಲ್ಲದೆ ವಾಕ್ಯ ನಿಲ್ಲುತ್ತದೆ. ಹನ್ನೊಂದರ ಎಣಿಕೆಯನ್ನು ಮಾತ್ರ ಹಟ ಹಿಡಿದು ಉಳಿಸಿಕೊಳ್ಳಬೇಕಿಲ್ಲ. ಕನ್ನಡದ ಕಿವಿ ಮಾತ್ರೆ ಕೇಳುತ್ತದೆ, ಐದೈದರ ನಡೆಯಲ್ಲಿ ಕೂಡಿಸಿದರೆ ಹೆಚ್ಚು ಸಹಜ.

ಈಗ ಹುಡುಕಿ ಓದುವ ಮಾತು. ಸಾರ್ವಜನಿಕ ಗ್ರಂಥಾಲಯಗಳ ಪಟ್ಟಿಯಲ್ಲಿ 'ಜುಲ್ಫಿಯಾ' ಎಂದಷ್ಟೇ ಹಾಕಿದರೆ ಬೇರೆ ಜುಲ್ಫಿಯಾಗಳೂ ಬರುತ್ತಾರೆ. 'ಇಸ್ರೋಯಿಲೋವಾ' ಎಂಬ ಉಜ್ಬೆಕ್ ರೂಪ, 'ಇಸ್ರಾಯಿಲೋವಾ' ಎಂಬ ರಷ್ಯನ್ ರೂಪ ಎರಡನ್ನೂ ಹುಡುಕಬೇಕು. ಹೊಸ ಲ್ಯಾಟಿನ್ ಲಿಪಿಯಲ್ಲಿ ಕೆಲವು ಅಕ್ಷರಗಳಿಗೆ ಪಕ್ಕದಲ್ಲೊಂದು ಅಲ್ಪವಿರಾಮದಂಥ ಚಿಹ್ನೆ ಇದೆ. ಅದಕ್ಕೆಂದೇ ಇರುವ ಕೋಡ್ ಬಿಟ್ಟು ಕೆಲವರು ನೇರ ಉದ್ಧರಣ ಚಿಹ್ನೆ, ಕೆಲವರು ಬಾಗಿದ ಚಿಹ್ನೆ ಹಾಕುತ್ತಾರೆ. ಕಂಪ್ಯೂಟರಿಗೆ ಮೂರೂ ಬೇರೆ ಬೇರೆ, ಹಾಗಾಗಿ ಇರುವ ಪದ್ಯವೂ ಇಲ್ಲ ಎಂದು ಬರುತ್ತದೆ. ಶೀರ್ಷಿಕೆಯಲ್ಲಿ ಆ ಚಿಹ್ನೆ ಇಲ್ಲದ ಪದವನ್ನು ಮಾತ್ರ ಕೊಟ್ಟು ಹುಡುಕಿದರೆ ಸಿಗುತ್ತದೆ. ಸಿರಿಲಿಕ್ ಪುಟವನ್ನು ಸ್ಕ್ಯಾನ್ ಮಾಡಿ ಅಕ್ಷರ ತೆಗೆಸುವಾಗ ಭಾಷೆ 'ರಷ್ಯನ್' ಎಂದಿದ್ದರೆ ಆ ಹಳೇ ಬಾಲ-ಟೊಪ್ಪಿಗಳು ಮತ್ತೆ ಉದುರುತ್ತವೆ. 'ಉಜ್ಬೆಕ್ ಸಿರಿಲಿಕ್' ಎಂದು ಆರಿಸಬೇಕು. ನೆರೆಯ ಕಿರ್ಗಿಜ್‌ಸ್ತಾನ ಸಿರಿಲಿಕ್ ಬಿಡಲಿಲ್ಲ. ಅಲ್ಲಿಯ ಹುಡುಗಿ 1960ರ ದಶಕದ ತನ್ನ ಭಾಷೆಯ ಕವಯಿತ್ರಿಯನ್ನು ಹಳೇ ಸಂಚಿಕೆಯಿಂದಲೇ ನೇರ ಓದುತ್ತಾಳೆ. ತಾಷ್ಕೆಂಟಿನ ಹುಡುಗಿಗೆ ಲ್ಯಾಟಿನ್ ಪಾಠ. ಜುಲ್ಫಿಯಾ ಸಂಪಾದಿಸಿದ ಸಂಚಿಕೆಗಳೆಲ್ಲ ಸಿರಿಲಿಕ್. ಆಯ್ದ ಪದ್ಯಗಳು ಹೊಸ ಲಿಪಿಗೆ ಬಂದಿವೆ, ವಿರಹದವು ಮೊದಲು.

1999ರಲ್ಲಿ ಸರ್ಕಾರ ಅವರ ಹೆಸರಲ್ಲಿ ರಾಷ್ಟ್ರೀಯ ಪ್ರಶಸ್ತಿ ಶುರು ಮಾಡಿತು. ಓದು, ಸಾಹಿತ್ಯ, ಕಲೆಯಲ್ಲಿ ಮುಂದಿರುವ ಎಳೆಯ ಹುಡುಗಿಯರಿಗೆ ಮಾರ್ಚ್ 8ರ ಸುಮಾರಿಗೆ ಕೊಡುತ್ತಾರೆ. ಪ್ರಶಸ್ತಿ ಒಳ್ಳೆಯದೇ, ಅದರ ಭಾಷಣಗಳಲ್ಲಿ ನಿಷ್ಠೆ, ಲಜ್ಜೆ, ತಾಳ್ಮೆ ಎಂಬ ಗುಣಗಳ ಪಟ್ಟಿ ಬರುವಾಗ ಮಾತ್ರ ಕಸಿವಿಸಿಯಾಗುತ್ತದೆ. ಓದಲು ತೊಡಗುವವರು ಈ ಕ್ರಮ ಹಿಡಿಯಬಹುದು: ಮೊದಲು ವಸಂತದ ಪದ್ಯ, ಬೆರಳು ಮಡಿಸಿ ಎಣಿಸುತ್ತಾ, ಆಮೇಲೆ 'ಮುಶೋಯಿರಾ', ಅದಾದ ಮೇಲೆ 1965ರ 'ಒಯ್ಲರ್' (ಯೋಚನೆಗಳು), ಅಲ್ಲಿ ಐವತ್ತು ತಲುಪಿದ ಹೆಂಗಸು ಗಂಡನನ್ನು ಬಿಟ್ಟೂ ಯೋಚಿಸುತ್ತಾಳೆ. 1932ರ ಮೊದಲ ಪುಸ್ತಕವನ್ನು ಕೊನೆಗೆ ಓದಿದರೂ ನಷ್ಟವಿಲ್ಲ.